ಗಂಟೆ ಬಂತು, ಮಾತು ಬರಲಿಲ್ಲ

ಕೃಷ್ಣಾ ಹೊಳೆಯ ದಂಡೆಗೆ ಒಂದು ಮಠ. ಗೋಪುರ, ಕಮಾನು ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಒಂದು ಜಗಲಿ, ಒಂದು ಅಡುಗೆಮನೆ, ದೇವರ ಕೋಣೆ, ಅದರ ಹಿಂದೆ ಇನ್ನೊಂದು ಕೋಣೆ. ಮಾಳಿಗೆಯ ಮೇಲೆ ಕಬ್ಬಿಣದ ಕಂಬ, ಕಂಬದ ತುದಿಗೆ ಬಿಳಿ ಬುಟ್ಟಿಯಂಥ ಆಂಟೆನಾ.

ಅಲ್ಲಿಯ ಸ್ವಾಮಿಗಳನ್ನು ಜನ ಅಜ್ಜಾರು ಅನ್ನುತ್ತಿದ್ದರು. ಪೂರ್ವಾಶ್ರಮದಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಕಾವಿ ಉಟ್ಟ ಮೇಲೂ ಸ್ಕ್ರೂ ಡ್ರೈವರ್ ಬಿಡಲಿಲ್ಲ. ಅದಕ್ಕೆ ಯಾರೇನು ಮಾಡುವುದು!

ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಕೆಲವು ಮನೆ. ಅಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ. ಅದಕ್ಕೇ ಅಜ್ಜಾರು ಮಠದ ಹಿಂದಿನ ಕೋಣೆಯಲ್ಲಿ ಒಂದು ಸಿಪ್ ಸರ್ವರ್ ಇಟ್ಟಿದ್ದರು.

ಸರ್ವರ್ ಅಂದರೆ ಹೆದರಬೇಡಿ, ಒಂದು ಕಂಪ್ಯೂಟರ್ ಪೆಟ್ಟಿಗೆ ಅಷ್ಟೆ. ನಡುಗಡ್ಡೆಯ ಮನೆಯಲ್ಲಿ ಯಾರಾದರೂ ಫೋನಿನ ನಂಬರ್ ಒತ್ತಿದರೆ ಅದು ಮಾಳಿಗೆಯ ಆಂಟೆನಾಕ್ಕೆ ಬರುತ್ತದೆ, ಈ ಪೆಟ್ಟಿಗೆ ಬೇಕಾದವರನ್ನು ಹುಡುಕಿ ಅವರ ಫೋನಿನ ಗಂಟೆ ಬಾರಿಸುತ್ತದೆ. ಮಠದ ಪಕ್ಕದ ಆರೋಗ್ಯ ಉಪಕೇಂದ್ರಕ್ಕೂ, ಹರಿಗೋಲಿನವನ ಗುಡಿಸಲಿಗೂ, ಪಟ್ಟಣದ ಆಸ್ಪತ್ರೆಗೂ ಅದೇ ದಾರಿ.

ಪೆಟ್ಟಿಗೆಯನ್ನು ನೋಡಿಕೊಳ್ಳುವವನು ತೋಂಟೇಶ, ಅಜ್ಜಾರ ಶಿಷ್ಯ. ಕಲಿಯುವುದರಲ್ಲಿ ಭಾರಿ ಚುರುಕು. ತಾಳ್ಮೆ ಹಂಚುವ ದಿನ ಮಾತ್ರ ಎಲ್ಲೋ ಹೋಗಿದ್ದನೇನೋ.

ಆ ವಾರ ಫೋನು ತೊದಲತೊಡಗಿತ್ತು. ನಂಬರ್ ಒತ್ತಿದ ಎಷ್ಟೋ ಹೊತ್ತಿಗೆ ಆ ಕಡೆ ಗಂಟೆ. ಎತ್ತಿದರೆ ಮಾತು ಹರಿದು ಹರಿದು ಬರುವುದು.

"ತಮ್ಮಾ," ಅಂದರು ಅಜ್ಜಾರು, "ನಡುಗಡ್ಡಿ ದುರಗವ್ವನ ಮಗಳು ದಿನ ತುಂಬಿಕೊಂಡು ತವರಮನ್ಯಾಗ ಕುಂತಾಳ. ಆ ಮನಿಯಿಂದ ಯಾವಾಗರ ಫೋನ್ ಬರ್ತೈತಿ. ಅಷ್ಟರಾಗ ಇದನ್ನ ಸರಿ ಮಾಡು."

"ಸೋಮವಾರ ದವಾಖಾನಿಗೆ ಸೇರಸ್ತಾರಂತಲ್ರಿ ಅಜ್ಜಾರ."

"ಸೋಮವಾರ ಅಂತ ಕೂಸಿಗೆ ಯಾರ ಹೇಳ್ಯಾರ?"

ತೋಂಟೇಶ ಪೆಟ್ಟಿಗೆಯ ಮುಂದೆ ಹೋಗಿ ಕೂತ.

ಮಧ್ಯಾಹ್ನ ಅಜ್ಜಾರು ಜಗಲಿಯ ಮೇಲೆ ಮೆಂತ್ಯಸೊಪ್ಪು ಸೋಸುತ್ತಿದ್ದರು. ತೋಂಟೇಶ ಓಡಿಬಂದ.

"ಅಜ್ಜಾರ, ಒಳಗ ಯಾರೋ ಹೊರಗಿನವ್ರು ಬಂದು ಕುಂತಿದ್ರು ನೋಡ್ರಿ!"

"ಯಾವ ಒಳಗ?"

"ಪೆಟಗಿಯೊಳಗ. ಒಂದು ಪ್ರೋಸೆಸ್ ಇತ್ತು. ನಾ ಹಾಕಿದ್ದಲ್ಲ. ನೂರಾರು ಪೋರ್ಟ್ ತನ್ನ ಕೈಯಾಗ ಇಟಗೊಂಡಿತ್ತು. ಒಂದರಾಗೂ ಮಾತಿಲ್ಲ ಕತಿ ಇಲ್ಲ. ಸುಮ್ಮ ಕುಂತಿತ್ತು."

ಪ್ರೋಸೆಸ್ ಅಂದರೆ ಪೆಟ್ಟಿಗೆಯೊಳಗೆ ನಡೆಯುವ ಒಂದೊಂದು ಕೆಲಸ. ಹೊರಗಿನವರ ಜೊತೆ ಮಾತಾಡಲು ಅದು ತೆರೆದುಕೊಂಡು ಕಾಯುವ ಬಾಗಿಲಿಗೆ ಪೋರ್ಟ್ ಅನ್ನುತ್ತಾರೆ. ನಾವು ಬಾಗಿಲು ಅಂದರೂ ಯಾರೂ ಬೈಯುವುದಿಲ್ಲ.

"ಯಾರಂತ ಕೇಳಿದೇನು?" ಅಂದರು ಅಜ್ಜಾರು.

"ಕೇಳಂಗಿಲ್ಲಲ್ರಿ."

"ಯಾಕ?"

"ನಮ್ಮ ಮಠದಾಗ ಬಂದವ್ರನ್ನ ಯಾರು ಏನು ಅಂತ ಕೇಳಬಾರದಲ್ರಿ. ನೀವ ಹೇಳೀರಿ."

ಅದು ನಿಜ. ಆ ಮಠದ ಪಂಕ್ತಿಯಲ್ಲಿ ಯಾರು ಬಂದು ಕೂತರೂ ಮೊದಲು ತಾಟಿಗೆ ರೊಟ್ಟಿ ಬೀಳಬೇಕು. ಹೆಸರು ಕೇಳುವ ಹಾಗಿಲ್ಲ, ಕುಲ ಕೇಳುವ ಹಾಗಿಲ್ಲ. ತೋಂಟೇಶ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ ಕಂಪ್ಯೂಟರಿಗೂ ಅದನ್ನೇ ಬಡಿಸಿಬಿಟ್ಟಿದ್ದ.

"ಕೇಳಲಾರದ ಏನ್ ಮಾಡಿದಿ ಮತ್ತ?"

"ಹೊರಗ ಹಾಕಿದೆ."

ಅಜ್ಜಾರ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಅಲ್ಲೇ ನಿಂತಿತು.

"ಕೇಳಬಾರದು ಅನ್ನೂದು ನೆನಪಿತ್ತು. ಹೊರಗ ಹಾಕಬಾರದು ಅನ್ನೂದು ಮರತ ಹೋತು. ಛಲೋ ಆತು ಬಿಡು."

"ಏನೂ ತೊಂದ್ರಿ ಆಗಿಲ್ರಿ ಅಜ್ಜಾರ! ಹರಿಗೋಲಿನವಗ ಮಿಸ್ ಕಾಲ್ ಕೊಟ್ಟು ನೋಡಿದೆ. ಗಂಟಿ ಬಂತು. ಸಿಸ್ಟರಿಗೂ ಕೊಟ್ಟೆ, ಅಲ್ಲೂ ಬಂತು. ಕಟ್ ಮಾಡಿದೆ."

ಆ ದಂಡೆಯಲ್ಲಿ ಎಲ್ಲರ ಕೆಲಸವೂ ಮಿಸ್ ಕಾಲಿನಲ್ಲೇ ನಡೆಯುತ್ತದೆ. ಒಮ್ಮೆ ಗಂಟೆ ಬಾರಿಸಿ ಕಟ್ ಮಾಡಿದರೆ ಹರಿಗೋಲು ಈ ಕಡೆ ಬಾ ಅಂತ. ಎತ್ತಿ ಮಾತಾಡುವ ಅಭ್ಯಾಸ ಯಾರಿಗಿದೆ? ಗಂಟೆ ಬಂದರೆ ತೋಂಟೇಶನ ಲೆಕ್ಕಕ್ಕೆ ಫೋನು ಗಟ್ಟಿಮುಟ್ಟಾಗಿದೆ.

"ಎತ್ತಿ ಮಾತಾಡಿ ನೋಡಿದೇನು?" ಅಂದರು ಅಜ್ಜಾರು.

ತೋಂಟೇಶ ಬಾಯಿ ತೆರೆಯುವಷ್ಟರಲ್ಲಿ ಸುವಾರ್ತಮ್ಮ ಬಂದಳು. ಉಪಕೇಂದ್ರದ ಸಿಸ್ಟರ್. ಹೆಗಲಿಗೆ ಹೆರಿಗೆ ಸಾಮಾನಿನ ಚೀಲ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು.

"ಏ ತೋಂಟೇಶ! ನಿನ್ನ ಫೋನಿಗೆ ಏನ್ ರೋಗ ಬಂತೋ?"

"ಏನಾತ್ರಿ ಸಿಸ್ಟರ್?"

"ದುರಗವ್ವನ ಮನಿಯಿಂದ ಗಂಟಿ ಬಂತು. ಎತ್ತಿದೆ. ಹಲೋ ಹಲೋ ಅಂತ ಗಂಟಲಾ ಹರಕೊಂಡೆ. ಆ ಕಡಿಂದ ಒಂದು ಉಸರೂ ಇಲ್ಲ. ತಿರಗಿ ನಾನ ಮಾಡಿದೆ, ಎತ್ತಿದ್ರು, ಮತ್ತ ಅದ ಕತಿ."

"ಮಿಸ್ ಕಾಲ್ ಇರಬೇಕ್ರಿ..."

"ಎತ್ತಿದ ಮ್ಯಾಲೂ ಹಿಡಕೊಂಡ ನಿಂತಿದ್ರೋ ಮಾರಾಯ. ಮಿಸ್ ಕಾಲ್ ಹಂಗ ಇರ್ತೈತೇನು?"

ತೋಂಟೇಶನ ಮುಖ ಬಿಳುಚಿತು.

"ನೋವು ಸುರು ಆಗೈತೋ, ಸುಮ್ನ ಏನರ ಕೇಳಾಕ ಮಾಡಿದ್ರೋ, ಗೊತ್ತಿಲ್ಲಲ್ರಿ ಸಿಸ್ಟರ್."

"ಗೊತ್ತಿಲ್ಲ ಅಂತನ ಹೊಂಟೀನಿ. ಗೊತ್ತಾಗಿದ್ರ ಏನ್ ಮಾಡಬೇಕು ಅಂತ ಇಲ್ಲೇ ಕುಂತು ಹೇಳತಿದ್ದೆ."

ಅವಳು ಅಜ್ಜಾರ ಕಡೆ ತಿರುಗಿದಳು.

"ಅಜ್ಜಾರ, ಹುಡುಗಿಗೆ ಚೊಚ್ಚಲ. ಹೋದ ತಪಾಸಣಿಯಾಗ ಕೂಸು ಇನ್ನೂ ತಿರಗಿದ್ದಿಲ್ಲ. ಅಲ್ಲಿ ಹೋದ ಮ್ಯಾಲೆ ನನಗ ದೊಡ್ಡ ಡಾಕ್ಟರ ಮಾತು ಬೇಕ ಬೇಕು. ಒಬ್ಬಾಕಿ ಕೈಲೆ ಆಗೂದಲ್ಲ ಅದು."

"ಹೋಗಿ ಬಾ ತಾಯಿ. ನೀ ಆ ದಂಡಿ ಮುಟ್ಟೂದರಾಗ ಮಾತು ಬರ್ತೈತಿ."

ಸುವಾರ್ತಮ್ಮ ಮೆಟ್ಟಿಲಿಳಿದು ಓಡಿದಳು. ಹರಿಗೋಲು ಒಂದು ಸುತ್ತು ತಿರುಗಿ ಹೊಳೆಗಿಳಿಯಿತು.

ತೋಂಟೇಶ ನಿಂತಲ್ಲೇ ನಿಂತಿದ್ದ.

"ಅಜ್ಜಾರ, ಗಂಟಿ ಬರಾಕತ್ತೈತಿ. ಪೆಟಗಿ ಕೆಲಸ ಮಾಡಾಕತ್ತೈತಿ. ಮತ್ತ ಮಾತು ಎಲ್ಲಿ ಹೋತ್ರಿ?"

ಅಜ್ಜಾರು ಎದ್ದರು. ದೇವರ ಕೋಣೆಗೆ ಹೋಗಿ ಕೈಗಂಟೆ ತಂದರು. ಶಿಷ್ಯನನ್ನು ಒಳಗೆ ಬಿಟ್ಟು ತಾವು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಹೊರಗೆ ಗಂಟೆ ಸದ್ದಾಯಿತು. ತೋಂಟೇಶ ಬಾಗಿಲು ತೆರೆದ.

ಅಜ್ಜಾರು ತುಟಿ ಆಡಿಸಿದರು. ಸದ್ದಿಲ್ಲ.

"ಏನ್ರಿ?"

ಅಜ್ಜಾರು ಮತ್ತೆ ತುಟಿ ಆಡಿಸಿದರು.

"ಕೇಳಸವಲ್ದ್ರಿ ಅಜ್ಜಾರ."

ಅಜ್ಜಾರು ಬಾಗಿಲು ಎಳೆದುಕೊಂಡರು. ಗಂಟೆ ಇನ್ನೂ ಜೋರಾಗಿ ಸದ್ದಾಯಿತು. ತೋಂಟೇಶ ತೆರೆದ. ಮತ್ತೆ ಬರೀ ತುಟಿ.

ತೋಂಟೇಶನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಹೊಳ್ಯಾಗ ಸಿಸ್ಟರ್ ಹೊಂಟಾರ, ಅಲ್ಲಿ ಆ ಹುಡುಗಿಗೆ ಏನಾಗೈತೋ ಏನೋ, ನಿಮ್ಮದು ಇದೇನ್ ಚ್ಯಾಷ್ಟಿರಿ? ಗಂಟಿ ಕೇಳಿ ಬಂದೀನಲ್ಲ, ಇನ್ನ ಬಾಯಿಬಿಟ್ಟು ಮಾತಾಡ್ರಿ!"

ಹೇಳಿ ಮುಗಿಸಿದವನು ಹಾಗೇ ನಿಂತುಬಿಟ್ಟ. ತನ್ನ ಮಾತು ತನಗೇ ಕೇಳಿಸಿತ್ತು.

"ಗಂಟಿ ಬಾರಸೂದು ಬ್ಯಾರೆ," ಅಂದ ನಿಧಾನಕ್ಕೆ. "ಮಾತು ಹೊರೂದು ಬ್ಯಾರೆ."

ಅಜ್ಜಾರು ಗಂಟೆ ಕೆಳಗಿಟ್ಟರು.

"ಹಂಗಾರ ನಾ ಹೊರಗ ಹಾಕಿದ್ದು..."

"ಹೋಗಿ ಕರಕೊಂಡ ಬಾ," ಅಂದರು ಅಜ್ಜಾರು.

ತೋಂಟೇಶ ಪೆಟ್ಟಿಗೆಯ ಮುಂದೆ ಕೂತ. ಅಜ್ಜಾರು ಸೊಪ್ಪಿನ ಮೊರ ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಹರಿಗೋಲು ಇನ್ನೂ ನಡುನೀರಿಗೆ ಬಂದಿರಲಿಲ್ಲ.

ಹೊರಗೆ ಹಾಕಿದ್ದನ್ನು ಅವನು ಮತ್ತೆ ಎಬ್ಬಿಸಿದ. ಅದು ಬಂದು ತನ್ನ ನೂರಾರು ಬಾಗಿಲು ಹಿಡಿದುಕೊಂಡು ಮೊದಲಿನ ಹಾಗೇ ಸುಮ್ಮನೆ ಕೂತಿತು. ತೋಂಟೇಶನಿಗೆ ಮತ್ತೆ ಅನುಮಾನ.

"ಇದು ಕಳ್ಳ ಆಗಿದ್ರ?"

"ಈಗರ ಕೇಳು."

"ಏನಂತ ಕೇಳ್ಲಿರಿ? ಇದರ ಹೆಸರ ನನಗ ತಿಳೀವಲ್ದು."

"ಹೆಸರು ತಗೊಂಡು ಏನ್ ಮಾಡ್ತಿ? ನಿಮ್ಮ ಓಣಿಗೆ ಹೊಸಬ ಬಂದ್ರ ನಿಮ್ಮವ್ವ ಏನಂತ ಕೇಳತಿದ್ಲು?"

ತೋಂಟೇಶ ಯೋಚಿಸಿದ. "ಯಾರ ಜೋಡಿ ಬಂದೀಯಪಾ ಅಂತ. ಎಲ್ಲಿ ಇಳದೀಯಪಾ ಅಂತ. ಚಾ ಕೊಟ್ಟು, ಯಾರನ್ನ ಕಾಣಬೇಕಿತ್ತು ಅಂತ."

"ಅಷ್ಟು ಕೇಳು, ಸಾಕು."

"ನಮ್ಮ ಮಠದಾಗ ಕೇಳಬಾರದಲ್ರಿ?"

"ಉಣ್ಣೂಕಿಂತ ಮೊದಲ ಕೇಳಬಾರದು. ಉಂಡು ಕೈ ತೊಳಕೊಂಡವನ್ನ ಮಾತಾಡಸಬಾರದು ಅಂತ ಯಾರ ಹೇಳಿದ್ರು ನಿನಗ?"

ತೋಂಟೇಶ ಕೇಳಿದ. ಪೆಟ್ಟಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಕೇಳುವವರು ಬೇಕು ಅಷ್ಟೆ. ಆ ಪ್ರೋಸೆಸ್ಸು ಯಾರ ಕಣ್ಣೂ ತಪ್ಪಿಸಿ ಕದ್ದು ಬಂದದ್ದಲ್ಲ. ದಿನಾ ಪೆಟ್ಟಿಗೆ ಚಾಲೂ ಆದಾಗ ಅದರ ಜೊತೆಗೇ ಎದ್ದು ಬರುವಂಥದ್ದು. ಇರುವುದು ಪೆಟ್ಟಿಗೆಯ ಖಾಸಾ ಮನೆಯಲ್ಲಿ. ಕಾಣಬೇಕಾದವರು ದುರಗವ್ವ, ಸಿಸ್ಟರ್, ಹರಿಗೋಲಿನವನು, ಪಟ್ಟಣದ ಡಾಕ್ಟರು. ಬೇರೆ ಯಾರೂ ಇಲ್ಲ.

"ಅಜ್ಜಾರ, ಇದು ನಮ್ಮದ ರೀ. ನೀವ ಹಾಕಿದ್ದು!"

"ಹೌದು."

"ಮತ್ತ ಮೊದಲ ಹೇಳಬಾರದಾಗಿತ್ತೇನ್ರಿ?"

"ನಾ ಹೇಳಿದ್ರ ನೀ ನಂಬತಿದ್ದಿ. ಕೇಳೂದು ಕಲೀತಿದ್ದಿಲ್ಲ."

"ಅಷ್ಟು ಬಾಗಲಾ ಯಾಕ ಹಿಡಕೊಂಡು ಕುಂತೈತ್ರಿ ಇದು?"

"ಯಾರಿಗೆ ಯಾವಾಗ ಮಾತು ಬರ್ತೈತೋ ಅದಕ್ಕೇನ್ ಗೊತ್ತು?"

ತೋಂಟೇಶ ಫೋನ್ ತೆಗೆದುಕೊಂಡು ಹರಿಗೋಲಿನವನ ಗುಡಿಸಲಿಗೆ ಮಾಡಿದ. ಈ ಸಲ ಕಟ್ ಮಾಡಲಿಲ್ಲ. ಹರಿಗೋಲಿನವನ ಹೆಂಡತಿ ಎತ್ತಿದಳು.

"ಮನ್ಯಾಗಿಲ್ಲೋ, ಹೊಳಿಗೆ ಹೋಗ್ಯಾನ."

"ಮಾತಾಡ್ರಿ ಅಕ್ಕಾರ! ಏನರ ಮಾತಾಡ್ರಿ!"

"ಏನ್ ಮಾತಾಡ್ಲೋ? ಒಲಿ ಮ್ಯಾಲ ಸಾರು... ಐತಿ. ಉಕ್ಕಿ... ಬಿಡು."

ಫೋನು ಇಟ್ಟಳು. ತೋಂಟೇಶನ ಹೋದ ಜೀವ ಬಂದ ಹಾಗಾಯಿತು. ಆದರೆ ಹಣೆ ಮತ್ತೆ ಗಂಟಾಯಿತು.

"ಮಾತು ಬಂತ್ರಿ. ಆದ್ರ ಹರದ ಹರದ ಬರಾಕತ್ತೈತಿ. ಡಾಕ್ಟರು ಮಾಡು ಅಂದದ್ದು ಕೇಳಿಸಿ, ಬ್ಯಾಡ ಅಂದದ್ದು ನಡುವ ಹರದು ಹೋದ್ರ? ಒಳಗ ಇನ್ನೂ ಏನೋ ಐತಿ."

"ಉಳದವ್ರನ್ನ ಕೇಳಿದೇನು?"

"ಉಳದವೆಲ್ಲ ನಮ್ಮವ ರೀ. ಹೆಸರು ನೋಡಿದ ಕೂಡ್ಲೆ ಗೊತ್ತಾಗ್ತೈತಿ."

ಅಜ್ಜಾರು ಸೊಪ್ಪು ಸೋಸುತ್ತಲೇ ಇದ್ದರು. ತೋಂಟೇಶ ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಒಂದೊಂದನ್ನೇ ಕೇಳುತ್ತ ಬಂದ.

ಒಂದರ ಹತ್ತಿರ ಬಂದು ನಿಂತ. ಗಂಟೆ ಬಾರಿಸುವ ಪ್ರೋಸೆಸ್ಸಿನ ಹೆಸರನ್ನೇ ಅದು ಅಕ್ಷರ ಬಿಡದೆ ಇಟ್ಟುಕೊಂಡಿತ್ತು. ಅದಕ್ಕೇ ಬೆಳಿಗ್ಗೆ ಅವನ ಕಣ್ಣು ಅದರ ಮೇಲೆ ನಿಂತಿರಲಿಲ್ಲ.

"ಅಜ್ಜಾರ, ಇದು ಇಳಕೊಂಡಿದ್ದು ಎಲ್ಲಿ ಗೊತ್ತೇನ್ರಿ? ಯಾರ ಬೇಕಾದ್ರೂ ಸಾಮಾನು ಒಗದು ಹೋಗೂ ಜಾಗಾದಾಗ. ಪೆಟಗಿ ಬಂದ್ ಮಾಡಿ ಚಾಲೂ ಮಾಡಿದ್ರ ಕಸ ಗುಡಿಸಿದಂಗ ಎಲ್ಲಾ ಹೋಗ್ತೈತಲ್ಲ, ಅಲ್ಲಿ."

"ಯಾರನ್ನ ಕಾಣಾಕ ಬಂದಾನ?"

"ನಮ್ಮವ್ರ ಒಬ್ರ ಜೋಡಿನೂ ಮಾತಿಲ್ಲ. ಯಾವದೋ ಪರದೇಶದ ಜೋಡಿ ಹಗಲೂ ರಾತ್ರಿ ಹರಟಿ ಹೊಡ್ಯಾಕತ್ತಾನ. ದಾರಿ ತುಂಬ ಇವನ ಮಾತ! ಇವನ ಕಳ್ಳ!"

ತೋಂಟೇಶನ ಬೆರಳು ಕೀಬೋರ್ಡಿನ ಮೇಲೆ ಹಾರಿತು.

"ತಡಿ," ಅಂದರು ಅಜ್ಜಾರು. "ಯಾರ ಜೋಡಿ ಬಂದ ಅಂತ ಕೇಳಲಿಲ್ಲ ನೀ."

ತೋಂಟೇಶ ಕೇಳಿದ. ಉತ್ತರ ಓದಿ ತಲೆ ತಗ್ಗಿಸಿದ.

"ಅತಿಥಿ ಅಂತ ಒಂದು ಖಾತೆ ಐತ್ರಿ. ಅದರಿಂದ ಬಂದಾನ."

"ಅದ್ಯಾರ ಮಾಡಿದ್ದು?"

"ನಾನ ರೀ. ಮಠ ಅಂದ ಮ್ಯಾಲೆ ಬಂದವ್ರಿಗೆ ಪೆಟಗ್ಯಾಗೂ ಒಂದು ಜಾಗಾ ಇರಲಿ ಅಂತ ಮಾಡಿದ್ದೆ. ಪಾಸ್‌ವರ್ಡೂ ಅತಿಥಿ ಅಂತನ ಇಟ್ಟಿದ್ದೆ. ಪಾಪ, ಬಂದವ್ರಿಗೆ ತ್ರಾಸ ಆಗಬಾರದು ಅಂತ."

ಅಜ್ಜಾರಿಗೆ ನಗು ತಡೆಯಲಿಲ್ಲ.

"ಊಟಕ್ಕ ಬಂದವ್ರಿಗೆ ಉಗ್ರಾಣದ ಕೀಲಿ ಕೊಡ್ತಾರೇನೋ ಹುಚ್ಚಪ್ಪ?"

ತೋಂಟೇಶನಿಗೂ ನಗು ಬಂತು, ಆ ಗಡಿಬಿಡಿಯಲ್ಲೂ.

"ಮೊದಲ ಆ ಬಾಗಲಾ ಹಾಕು," ಅಂದರು ಅಜ್ಜಾರು. "ಆಮ್ಯಾಲ ಅವನನ್ನ ಹೊರಗ ಹಾಕು. ಇಲ್ಲಂದ್ರ ನೀ ಈ ಕಡಿ ಅಟ್ಟೂದರಾಗ ಆ ಕಡಿಂದ ಒಳಗ ಬಂದು ಕುಂತಿರ್ತಾನ."

ತೋಂಟೇಶ ಅತಿಥಿಯ ಖಾತೆ ಮುಚ್ಚಿದ. ಆಮೇಲೆ ಆ ಕಳ್ಳನನ್ನು ಹೊರಗೆ ಹಾಕಿದ. ಅವನು ಬಿಟ್ಟುಹೋದ ಸಾಮಾನನ್ನೂ ಗುಡಿಸಿದ. ಮತ್ತೆ ಹರಿಗೋಲಿನವನ ಮನೆಗೆ ಫೋನ್ ಮಾಡಿದ.

"ಇನ್ನೊಮ್ಮೆ ಮಾಡಿದ್ರ ನಿನ್ನ ಫೋನು ಹೊಳಿಗೆ ಒಗೀತೀನಿ ನೋಡು!" ಅಂದಳು ಆಕೆ. ಒಂದಕ್ಷರವೂ ಹರಿಯಲಿಲ್ಲ.

ತೋಂಟೇಶ ಕಿಟಕಿಯಿಂದ ನೋಡಿದ. ಹರಿಗೋಲು ಆ ದಂಡೆ ಮುಟ್ಟಿತ್ತು. ಸುವಾರ್ತಮ್ಮ ಚೀಲ ಎತ್ತಿಕೊಂಡು ಉಸುಕಿನಲ್ಲಿ ಏರಿ ಹೋಗುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಎಚ್ಚರಾಯಿತು. ದುರಗವ್ವನ ಮನೆಯಿಂದ ಪಟ್ಟಣದ ಆಸ್ಪತ್ರೆಗೆ ಕರೆ. ಗಂಟೆ ಹೋಯಿತು, ಅಲ್ಲಿ ಎತ್ತಿದರು. ಸುಮ್ಮನೆ ಕೂತಿದ್ದ ಪ್ರೋಸೆಸ್ಸು ತನ್ನ ನೂರಾರು ಬಾಗಿಲಲ್ಲಿ ಕೆಲವನ್ನು ತೆರೆದುಕೊಟ್ಟಿತು. ಮಾತು ಹಾಯತೊಡಗಿತು. ಅದೆಲ್ಲ ಪರದೆಯ ಮೇಲೆ ಕಾಣುತ್ತಿತ್ತು, ಕಿವಿಗೆ ಏನೂ ಇಲ್ಲ.

ಕರೆ ಮುಗಿಯಲೇ ಇಲ್ಲ. ಸೊಪ್ಪು ಸೋಸಿ ಮುಗಿಯಿತು, ಕಡ್ಡಿಯನ್ನು ದನಕ್ಕೆ ಹಾಕಿ ಬಂದದ್ದೂ ಆಯಿತು. ಕರೆ ಇನ್ನೂ ನಡೆದೇ ಇತ್ತು.

"ಅಜ್ಜಾರ, ಇಲ್ಲಿಂದ ಕೇಳಾಕ ಬರ್ತೈತ್ರಿ. ಏನ್ ಆಗೈತಿ ಅಂತ ಒಂದ ನಿಮಿಷ ಕೇಳೂಣೇನ್ರಿ?"

"ಬರ್ತೈತಿ. ಕೇಳಬ್ಯಾಡ."

"ನನಗ ಭಾಳ ಅಂಜಿಕಿ ಬರಾಕತ್ತೈತ್ರಿ. ಆ ಹುಡುಗಿಗೆ ಏನರ ಆದ್ರ ನನ್ನ ಮಾರಿ ಯಾರಿಗೆ ತೋರಿಸ್ಲಿ?"

"ಅಂಜಿಕಿ ಬರಲಿ, ಬ್ಯಾಡ ಅನ್ನಂಗಿಲ್ಲ. ಅಂಜಿಕಿ ಬಂದಾಗ ಕೈ ಮಾತ್ರ ಪೆಟಗಿ ಮ್ಯಾಲ ಇರಬಾರದು."

ತೋಂಟೇಶ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಕರೆ ಮುಗಿಯಿತು. ತೆರೆದಿದ್ದ ಬಾಗಿಲು ಮುಚ್ಚಿ ಪೆಟ್ಟಿಗೆ ತಣ್ಣಗಾಯಿತು. ಏನಾಯಿತೆಂದು ಹೇಳುವವರು ಯಾರೂ ಇಲ್ಲ. ತೋಂಟೇಶ ಎದ್ದು ಕಿಟಕಿಗೆ ಹೋದ, ಮತ್ತೆ ಬಂದು ಕೂತ, ಮತ್ತೆ ಎದ್ದ.

ಮಠದ ಫೋನಿನ ಗಂಟೆ ಬಂತು.

ತೋಂಟೇಶ ಮುಟ್ಟಲಿಲ್ಲ. ಅಜ್ಜಾರು ಕಣ್ಣಿನಲ್ಲೇ ಎತ್ತು ಅಂದರು. ಎತ್ತಿದ.

"ಅಜ್ಜಾರೇನು?" ದುರಗವ್ವನ ಗಂಟಲು. ಆಕೆಯ ಗಂಟಲಿಗೆ ಫೋನಿಲ್ಲದಿದ್ದರೂ ನಡೆಯುತ್ತಿತ್ತು.

"ನಾನ್ರಿ, ತೋಂಟೇಶ."

"ಹೆಣ್ಣು ಹುಟ್ಟೈತೋ! ಕಾಲ ಮುಂದ ಮಾಡಿ ಒದಕೋಂತ ಬಂದ್ಲು ನೋಡು ನನ್ನ ಮೊಮ್ಮಗಳು! ದೊಡ್ಡ ಡಾಕ್ಟರು ಅಲ್ಲಿಂದ ಒಂದೊಂದ ಹೇಳಿದ್ರು, ಸಿಸ್ಟರ್ ಇಲ್ಲಿ ಹಂಗ ಮಾಡಿದ್ಲು. ತಾಯಿ ಕೂಸು ಇಬ್ರೂ ಆರಾಮ ಅದಾರ. ಅಜ್ಜಾರಿಗೆ ಹೇಳು!"

ತೋಂಟೇಶ ಅಜ್ಜಾರ ಕಡೆ ತಿರುಗಿ ಇಬ್ಬರೂ ಆರಾಮ ಅಂತ ಸನ್ನೆ ಮಾಡಿದ.

"ಅಲ್ಲೋ, ಮೊದಲ ಯಾಕ ನಿಮ್ಮ ಫೋನು ಮೂಗಾಗಿತ್ತು? ನನ್ನ ಎದಿ ಒಡದಂಗಾಗಿತ್ತು."

"ನನ್ನ ತಪ್ಪು ಅವ್ವಾ. ಮಾತು ಹೊರೂದನ್ನ ನಾನ ಹೊರಗ ಹಾಕಿದ್ದೆ."

"ಏನ್ ಹೊರಗ ಹಾಕಿದ್ದಿಯೋ, ಏನ್ ಒಳಗ ಹಾಕಿದಿಯೋ, ನನಗೇನ್ ತಿಳೀತೈತಿ? ಸಿಸ್ಟರ್ ಕೈಲೆ ಸಕ್ಕರಿ ಕಳಸ್ತೀನಿ, ತಿನ್ನು. ತಡಿ, ಕೂಸಿನ ಕೂಡ ಮಾತಾಡು."

ಫೋನಿನಲ್ಲಿ ಕೂಸಿನ ಅಳು ಬಂತು. ಎಳೆಯ ಅಳು, ಸಿಟ್ಟಿನ ಅಳು. ಎಲ್ಲೂ ಹರಿಯಲಿಲ್ಲ. ಅಜ್ಜಾರಿಗೂ ಕೇಳಲಿ ಎಂದು ತೋಂಟೇಶ ಫೋನನ್ನು ಅವರ ಕಡೆ ಚಾಚಿದ. ಕೋಣೆಯ ತುಂಬ ಅದೇ ಅಳು. ತೋಂಟೇಶ ನಗುತ್ತ ಕಣ್ಣೊರೆಸಿಕೊಂಡ.

ಫೋನ್ ಇಟ್ಟ ಮೇಲೆ ಅವನು ಬಹಳ ಹೊತ್ತು ಪೆಟ್ಟಿಗೆಯ ಪರದೆ ನೋಡುತ್ತ, ಏನನ್ನೋ ಹುಡುಕುತ್ತ ಕೂತ. ಆಮೇಲೆ ಗುರುಗಳ ಕಡೆ ತಿರುಗಿದ.

"ಅಜ್ಜಾರ, ಡಾಕ್ಟರ ಹೇಳಿದ ಒಂದೊಂದ ಮಾತೂ ಇದರ ಕೈ ಹಾಯ್ದು ಹೋತು. ಸಿಸ್ಟರ ಹೂಂ ಅಂದದ್ದೂ ಹೋತು. ಈಗ ಆ ಕೂಸಿನ ಅಳುನೂ. ತನಗಂತ ಒಂದರ ಮಾತು ಇಟಗೊಂಡೈತೇನಂತ ಹುಡಕಿದೆ. ಏನೂ ಇಲ್ರಿ. ಪಾಪ, ಅದಕ್ಕೇನ್ ಸಿಕ್ತು ಅನಸ್ತು."

ಅಜ್ಜಾರು ಸೋಸಿದ ಸೊಪ್ಪಿನ ಮೊರ ಎತ್ತಿಕೊಂಡು ಎದ್ದರು.

"ಡಾಕ್ಟರ ಮಾತು ತನ್ನ ಕಡೆನ ಇಟಗೊಂಡಿದ್ರ ಆ ಕೂಸು ಅಳತಿತ್ತೇನೋ ತಮ್ಮಾ?"